ಅಮೋಘಪ್ಪನ ಗೊಬ್ಬರಕ್ಕೆ ಬಂದ ಮೈನಸ್

ಶಿವರಾತ್ರಿ ಕಳೆದು ಎಂಟು ದಿನ ಆಗಿತ್ತು. ಬೆಳಗಿನ ಹನ್ನೊಂದು ಗಂಟೆ. ಸಾವಿರದ ಒಂಬೈನೂರಾ ತೊಂಬತ್ತಾರನೇ ಇಸವಿ. ಕಲಬುರಗಿಯ ಸೇಡಂ ರಸ್ತೆಯಲ್ಲಿ, ತೋಟದ ಬೆಳೆಗಳ ಲೆಕ್ಕ ಇಡುವ ನಮ್ಮ ಕಚೇರಿಯ ಬಾಗಿಲಲ್ಲಿ, ಜವಾನನ ಸ್ಟೂಲಿನ ಮೇಲೆ ನಾನು ಕೂತಿದ್ದೆ. ಆ ಸ್ಟೂಲಿಗೂ ನನಗೂ ಅವತ್ತಿಗೆ ಇಪ್ಪತ್ತಾರು ವರ್ಷದ ಪರಿಚಯ.

ಒಳಗೆ ಕಂಪ್ಯೂಟರ್ ಕೋಣೆ. ಅದರೊಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು, ಕಾಲು ಒರೆಸಿಕೊಳ್ಳಬೇಕು, ಜೋರಾಗಿ ಸೀನಬಾರದು. ನಮ್ಮೂರ ಗುಡಿಗೂ ಅಷ್ಟು ಮಡಿ ಇರಲಿಲ್ಲ. ಅವತ್ತು ಚಂದ್ರಶಾ ಆ ಕೋಣೆಯಿಂದ ಬಂದವನು ಚಪ್ಪಲಿ ಮೆಟ್ಟುವುದನ್ನೇ ಮರೆತು, ಅಂಗಳದ ಕಾದ ಫರಸಿಗಲ್ಲಿನ ಮೇಲೆ ನಿಂತುಬಿಟ್ಟ. ಕೈಯಲ್ಲಿ ಅಂಚಿಗೆ ತೂತುಗಳಿರುವ ಉದ್ದ ಕಾಗದ.

"ನಾಗಣ್ಣ ಕಾಕಾ, ಮೈನಸ್ ಬಂತು."

"ಯಾರಿಗಿ?"

"ಅಮೋಘಪ್ಪ ಮಾವನ ಗೊಬ್ಬರಕ್ಕ."

ನಾನು ಮೂರನೇ ಕ್ಲಾಸಿನವರೆಗೆ ಓದಿದವನು. ಮೈನಸ್ ಎಂದರೆ ಸಂಖ್ಯೆಯ ಎಡಕ್ಕೆ ಮಲಗಿಸಿದ ಒಂದು ಸಣ್ಣ ಗೆರೆ ಎಂದು ಗೊತ್ತಿತ್ತು. ಅಷ್ಟು ಸಣ್ಣ ಗೆರೆ ಒಂದು ಮದುವೆಯನ್ನು ನಿಲ್ಲಿಸಬಹುದು ಎಂದು ಗೊತ್ತಿರಲಿಲ್ಲ.

ಚಂದ್ರಶಾ ನಮ್ಮ ಕಚೇರಿಯ ಹಂಗಾಮಿ ನೌಕರ. ತಂದೆ ತಾಯಿ ಇಲ್ಲ, ಸೋದರಮಾವನ ಮನೆಯಲ್ಲಿ ಬೆಳೆದವನು. ಕೆಲಸವೆಂದರೆ ಹೊಲಕ್ಕೆ ಹೋಗಿ ಫಸಲಿನ ತೂಕ ಬರೆದುಕೊಂಡು ಬರುವುದು, ಕಂಪ್ಯೂಟರಿನ ಮೇಲಿನ ಬಟ್ಟೆಯ ಹೊದಿಕೆ ಝಾಡಿಸುವುದು, ಬಷೀರುನ್ನೀಸಾ ಮೇಡಂ ಹೇಳಿದಾಗ ಸಂಖ್ಯೆ ಒತ್ತುವುದು. ಮೇಡಂ ನಮ್ಮ ಕಚೇರಿಯ ಹಿರಿಯರು, ಲೆಕ್ಕದಲ್ಲಿ ದೊಡ್ಡ ಓದು ಓದಿದವರು. ಕಂಪ್ಯೂಟರ್ ಅವರ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಈ ಹುಡುಗನಿಗೆ ನಮ್ಮೂರು ಕಮಲಾಪುರದಲ್ಲಿ ಹೆಣ್ಣು ತೋರಿಸಿದವನು ನಾನೇ. ಅಮೋಘಪ್ಪನ ಮಗಳು ಮಲ್ಕಮ್ಮ, ಹತ್ತನೇ ಕ್ಲಾಸ್ ಪಾಸು. ಅಮೋಘಪ್ಪನದು ಕೆಂಪು ಬಾಳೆಯ ತೋಟ. ಊರಲ್ಲಿ ಕೆಂಪು ಬಾಳೆ ಬಹಳ ಮಂದಿಗಿದೆ, ಆದರೆ ಅಮೋಘಪ್ಪನ ತಿಪ್ಪೆಯಂಥ ತಿಪ್ಪೆ ಯಾರಿಗೂ ಇಲ್ಲ ಎಂದು ಅಮೋಘಪ್ಪನೇ ಹೇಳುತ್ತಿದ್ದ. ಎತ್ತಿನ ಸಗಣಿ, ಎಮ್ಮೆ ಸಗಣಿ, ಕುರಿ ಹಿಕ್ಕೆ, ಕೆರೆಯ ಹೂಳು, ಯಾವುದು ಎಷ್ಟು ಎಂಬುದನ್ನು ಹೆಂಡತಿಗೂ ಹೇಳಿರಲಿಲ್ಲ.

ಹೆಣ್ಣು ನೋಡುವ ದಿನ ಅವನು ಕೇಳಿದ, "ತಮ್ಮಾ, ಕಚೇರ್ಯಾಗ ಏನು ಮಾಡ್ತಿ?"

ಹೊದಿಕೆ ಝಾಡಿಸುತ್ತೇನೆ ಎಂದು ಹೇಳಲು ಯಾವ ಗಂಡಿಗೆ ಬಾಯಿ ಬರುತ್ತದೆ? ಅದೂ ಬಾಗಿಲ ಸಂದಿಯಲ್ಲಿ ಮಲ್ಕಮ್ಮನ ಬಳೆ ಸದ್ದು ಮಾಡುತ್ತಿರುವಾಗ?

"ಕಂಪ್ಯೂಟರ್ ನಡಸ್ತೀನ್ರಿ," ಎಂದ ಚಂದ್ರಶಾ. ಅಲ್ಲಿಗೆ ನಿಲ್ಲಿಸಿದ್ದರೂ ನಡೆಯುತ್ತಿತ್ತು. "ನಿಮ್ಮ ಗೊಬ್ಬರದ ಬಲ ಎಷ್ಟು ಅಂತ ಮಷೀನಿನಿಂದಾನ ಕಾಗದದ ಮ್ಯಾಲ ಬರಸಿ ತಂದು ಕೊಡ್ತೀನ್ರಿ."

ಅಮೋಘಪ್ಪ ಅವತ್ತೇ ನಿಶ್ಚಯ ಮಾಡಿದ. ಮರುದಿನ ಕಲಬುರಗಿಗೆ ಬಂದು, ಸೂಪರ್ ಮಾರ್ಕೆಟ್‌ನಲ್ಲಿ ಆ ಕಾಗದ ಹಾಕಲು ಗಾಜಿನ ಫ್ರೇಮು ಕೊಂಡ. ಚಂದ್ರಶಾ ತೋಟಕ್ಕೆ ಹೋಗಿ ಗೊನೆಗಳ ತೂಕ ಬರೆದುಕೊಂಡ ನಾಲ್ಕು ತಿಂಗಳೂ ಆ ಖಾಲಿ ಫ್ರೇಮು ಪಡಸಾಲೆಯ ಗೋಡೆಯ ಮೇಲೆ ತೂಗುತ್ತಿತ್ತು. ಬಂದವರೆಲ್ಲ ಯಾರ ಫೋಟೋ ಎಂದು ಕೇಳಬೇಕು, ಅಮೋಘಪ್ಪ ಒಂದು ತಾಸು ಹೇಳಬೇಕು.

ಈ ಲೆಕ್ಕ ಹೇಗೆಂದು ಮೇಡಂ ಒಮ್ಮೆ ನನಗೆ ಹೇಳಿದ್ದರು. ಹಸಿದವನಿಗೆ ಮೊದಲ ರೊಟ್ಟಿಯ ರುಚಿ ಬೇರೆ, ನಾಲ್ಕನೆಯದರ ರುಚಿ ಬೇರೆ, ಏಳನೆಯದು ಗಂಟಲಲ್ಲೇ ನಿಲ್ಲುತ್ತದೆ. ಬಾಳೆಗೂ ಹಾಗೇ. ಗೊಬ್ಬರ ನೀರು ಹೆಚ್ಚಿದಂತೆ ಗೊನೆ ಸರ್ರನೆ ಏರಿ, ಆಮೇಲೆ ನಿಧಾನವಾಗಿ, ಒಂದು ಮಟ್ಟಕ್ಕೆ ನಿಲ್ಲುತ್ತದೆ. ಒಂದೊಂದು ಗೊನೆಯ ತೂಕಕ್ಕೆ ಕಾಗದದ ಮೇಲೆ ಒಂದೊಂದು ಚುಕ್ಕಿ. ಎಲ್ಲ ಚುಕ್ಕಿಗಳಿಗೂ ಆದಷ್ಟು ಹತ್ತಿರವಾಗಿ ಹೋಗುವ ಬಾಗಿದ ಗೆರೆಯನ್ನು ಕಂಪ್ಯೂಟರ್ ಹುಡುಕಿ, ಮೂರು ಸಂಖ್ಯೆ ಹೇಳುತ್ತದೆ: ಗೊಬ್ಬರದ ಬಲ, ನೀರಿನ ಬಲ, ಗೊನೆ ಎಲ್ಲಿಯವರೆಗೆ ಬೆಳೆದೀತು ಎಂಬ ತುದಿ ತೂಕ.

ಆ ಮೊದಲನೆಯ ಸಂಖ್ಯೆಯ ಮುಂದೆ ಈಗ ಗೆರೆ ಮಲಗಿತ್ತು. ಅಂದರೆ, ಗೊಬ್ಬರ ಹಾಕಿದಷ್ಟೂ ಗೊನೆ ಸಣ್ಣದು.

ಮೇಡಂ ಇದ್ದರೆ ಕೇಳಬಹುದಿತ್ತು. ಅವರು ಲೆಕ್ಕದ ಕ್ರಮವನ್ನು ಮಷೀನಿಗೆ ಹೇಳಿಟ್ಟು, ತಂಗಿಯ ಮದುವೆಗೆಂದು ಬೀದರಿಗೆ ಹೋಗಿ, ಮೂರು ವಾರದ ರಜೆಯಲ್ಲಿದ್ದರು. ಚಂದ್ರಶಾ ಸಂಖ್ಯೆ ಒತ್ತಿದ್ದನಷ್ಟೇ.

ಮಾತು ಕೊಟ್ಟಾಗಿತ್ತು, ಕಾಗದ ಒಯ್ದೆವು. ಕಮಲಾಪುರದಲ್ಲಿ ಅದನ್ನು ಓದಿದವಳು ಮಲ್ಕಮ್ಮ. ಮನೆಯಲ್ಲಿ ಓದು ಬಂದವಳು ಅವಳೊಬ್ಬಳೇ. ಪಕ್ಕದ ಹೊಲದ ಜಹಾಂಗೀರ್ ಸಾಹೇಬರೂ ಬಂದು ಕೂತಿದ್ದರು. ಅಮೋಘಪ್ಪನ ತೋಟಕ್ಕೆ ನೀರು ಬರುವುದು ಅವರ ಬಾವಿಯಿಂದ. ಮಲ್ಕಮ್ಮ ಕಣ್ಣಲ್ಲೇ ಒಂದು ಸಲ ಓದಿ, ಕಾಗದ ಮಡಚಲು ಹೋದಳು.

"ಯಾಕ ನಿಂತಿ? ಓದು."

"ಗೊಬ್ಬರದ ಮುಂದ ಮೈನಸ್ ಅದ, ಅಪ್ಪ."

"ಹಾಂಗಂದ್ರ?"

ಜಹಾಂಗೀರ್ ಸಾಹೇಬರು ಗಡ್ಡ ನೀವಿಕೊಂಡರು. "ಹಾಂಗಂದ್ರ ಅಮೋಘಪ್ಪ ಭಾಯಿ, ನೀವು ಗೊಬ್ಬರ ಹಾಕಲಿಲ್ಲಂದ್ರ ಬಾಳಿ ಇನ್ನೂ ಚಲೋ ಬರ್ತಿತ್ತು. ನಲವತ್ತು ವರ್ಷ ಬುಟ್ಟಿ ಹೊತ್ತು ಖಾಲಿ ಪೀಲಿ ಸುಮ್ನ ತಲಿ ನೋಯಿಸಿಕೊಂಡ್ರಿ. ಮಷೀನು ಸುಳ್ಳು ಹೇಳಂಗಿಲ್ಲ."

ಅಮೋಘಪ್ಪ ಚಂದ್ರಶಾನ ಕಡೆ ತಿರುಗಿದ. ಅವನ ಸಿಟ್ಟು ಯಾವಾಗಲೂ ತಣ್ಣಗೆ. "ಯುಗಾದಿ ತನಕ ಟೈಮ್ ಕೊಡ್ತೀನಿ. ಆ ಮಷೀನಿಗಿ ಬುದ್ಧಿ ಹೇಳಿ ಸರಿ ಕಾಗದಾ ತಂದ್ರ ಮದಿವಿ. ಇಲ್ಲಂದ್ರ ನಮ್ಮ ಮಗಳಿಗಿ ಬ್ಯಾರೆ ಮನಿ ನೋಡ್ತೀನಿ. ನಮ್ಮ ತಿಪ್ಪಿಗಿ ಮರ್ಯಾದಿ ಇಲ್ಲದ ಮನಿಗಿ ಹೆಣ್ಣು ಕೊಡಂಗಿಲ್ಲ."

ಮಲ್ಕಮ್ಮ ಕಾಗದ ಮಡಚಿ ಚಂದ್ರಶಾನ ಕೈಗೆ ಕೊಡುವಾಗ ಮೆಲ್ಲಗೆ, "ಲಗೂನ ತರ್ರಿ," ಎಂದಳು. ನನಗೆ ಕೇಳಿಸಿತು. ಅಪ್ಪನಿಗೆ ಕೇಳಿಸಲಿಲ್ಲ.

ಮೇಡಂ ಅವರ ನೋಟುಬುಕ್ಕು ಕಪಾಟಿನಲ್ಲಿತ್ತು. ಚಂದ್ರಶಾ ಎರಡು ದಿನ ಅದನ್ನು ತಿರುವಿ ಒಂದು ಉಪಾಯ ಹಿಡಿದ. ಯಾವ ಸಂಖ್ಯೆಯನ್ನಾದರೂ ಅದರಿಂದಲೇ ಗುಣಿಸಿದರೆ ಮೈನಸ್ ಉಳಿಯುವುದಿಲ್ಲವಂತೆ. ಗೊಬ್ಬರದ ಬಲ ಇರುವ ಜಾಗದಲ್ಲಿ ಬೇರೊಂದು ಸಂಖ್ಯೆ ಇಟ್ಟು, ಅದನ್ನು ಅದರಿಂದಲೇ ಗುಣಿಸಿಬಿಟ್ಟರೆ ಮಷೀನು ತಲೆಕೆಳಗಾದರೂ ಮೈನಸ್ ಹೇಳಲಾರದು.

"ಕಾಕಾ, ಅದರ ಬಾಯಿಗಿ ಬೀಗ ಹಾಕೀನಿ," ಎಂದು ಹಿಗ್ಗಿದ.

ಮಷೀನು ಎರಡನೆಯ ಕಾಗದ ಕಿರಗುಟ್ಟುತ್ತಾ ಹೊರಗೆ ಹಾಕಿತು. ಮೈನಸ್ ಇರಲಿಲ್ಲ. ಗೊಬ್ಬರದ ಬಲ: ಸೊನ್ನೆ. ಚುಕ್ಕಿಗಳು ಕೆಳಗೆ ಎಳೆಯುತ್ತಿವೆ, ಬೀಗ ಕೆಳಗೆ ಬಿಡುತ್ತಿಲ್ಲ. ಪಾಪ, ಆ ಸಂಖ್ಯೆ ಹೊಸ್ತಿಲ ಮೇಲೆ ಕೂತುಬಿಟ್ಟಿತ್ತು.

ಸೊನ್ನೆಯಾದರೂ ಮೈನಸ್‌ಗಿಂತ ಮೇಲಲ್ಲವೇ ಎಂದು ನಾವಿಬ್ಬರೂ ಧೈರ್ಯ ಮಾಡಿ ಬಸ್ಸು ಹತ್ತಿದೆವು. ಮನುಷ್ಯರನ್ನು ನಾವು ತಿಳಿದುಕೊಂಡದ್ದು ಅಷ್ಟೇ.

"ಸೊನ್ನಿ?" ಅಮೋಘಪ್ಪ ಎದ್ದು ನಿಂತ. "ಮೈನಸ್ ಅಂದಾಗ ನಾ ಸಹಿಸಿದೆ. ಯಾಕ? ಕೆಟ್ಟದ್ದ ಆಗ್ಲಿ, ಏನೋ ಒಂದು ಮಾಡ್ತದ ಅಂತ ಆತು. ನಾಗರಹಾವಿಗಿ ವಿಷ ಅದ ಅಂದ್ರ ನಾಗರಹಾವಿಗಿ ಮರ್ಯಾದಿ. ನಮ್ಮ ಗೊಬ್ಬರಕ್ಕ ನೀರಹಾವು ಅಂದ್ಯಲ್ಲೋ!"

ಅವನ ಹೆಂಡತಿ ಮಾಳಮ್ಮ ಒಳಗಿನಿಂದಲೇ ಕೂಗಿದಳು, "ಹುಡುಗನ್ನ ಬೈಬ್ಯಾಡ್ರಿ, ಉಂಡಿಲ್ಲ ಅಂವ." ಉಣ್ಣಿಸಿಯೇ ಕಳಿಸಿದಳು. ಆ ಮನೆಯಲ್ಲಿ ಬೈಗುಳಕ್ಕೂ ಊಟಕ್ಕೂ ಸಂಬಂಧವಿರಲಿಲ್ಲ.

ಮರುವಾರ ಚಂದ್ರಶಾ ಇನ್ನೂ ಗಟ್ಟಿ ಬೀಗ ಹಾಕಿದ. ಗೊಬ್ಬರದ ಬಲ ಇಷ್ಟಕ್ಕಿಂತ ಕೆಳಗೆ ಇಳಿಯಲೇಕೂಡದು ಎಂದು ತಾನೇ ಒಂದು ಮಿತಿ ಬರೆದ. ಮಷೀನು ಒಪ್ಪಿತು, ಕಾಗದ ಬಂತು. ಗೊಬ್ಬರಕ್ಕೆ ದಪ್ಪನೆಯ ಪ್ಲಸ್. ಹುಡುಗ ಉಳಿದದ್ದು ನೋಡಲೇ ಇಲ್ಲ. ಅಮೋಘಪ್ಪನ ಪಡಸಾಲೆಯಲ್ಲಿ ಮಲ್ಕಮ್ಮ ಎರಡನೇ ಸಾಲು ಓದಿದಾಗಲೇ ನಮಗೂ ಗೊತ್ತಾದದ್ದು.

"ನೀರಿನ ಮುಂದ ಮೈನಸ್ ಅದ, ಅಪ್ಪ."

ಜಹಾಂಗೀರ್ ಸಾಹೇಬರ ಕೈಯಲ್ಲಿನ ಚಹಾ ಅರ್ಧದಲ್ಲೇ ನಿಂತಿತು. ಗೊಬ್ಬರ ಹೆಚ್ಚು ಹಾಕಿದ ಸಾಲುಗಳೇ ಬಾವಿಗೂ ಹತ್ತಿರದ, ನೀರೂ ಹೆಚ್ಚು ಕುಡಿದ ಸಾಲುಗಳು. ಒಬ್ಬರ ಮೇಲಿನ ತಪ್ಪನ್ನು ಎತ್ತಿದರೆ ಮಷೀನು ಅದನ್ನು ಪಕ್ಕದವರ ಮೇಲೆ ಇಡುತ್ತಿತ್ತು. ಇದು ನನಗೆ ಆಮೇಲೆ ತಿಳಿದದ್ದು. ಅವತ್ತು ತಿಳಿದದ್ದು ಸಾಹೇಬರ ಸಿಟ್ಟು ಮಾತ್ರ.

"ತೋಬಾ ತೋಬಾ! ನಮ್ಮ ಅಬ್ಬಾ ಕಲ್ಲು ಒಡಸಿ ತೋಡಿಸಿದ ಬಾವಿ! ಇಡೀ ಓಣಿ ಕುಡೀತದ. ಇದರಾಗ ಜಹರ್ ಅದ ಏನು, ವಿಷ?"

ಅಮೋಘಪ್ಪನ ಮುಖದಲ್ಲಿ ಒಂದು ಸಣ್ಣ ಸಮಾಧಾನ ಹಾದುಹೋಯಿತು. "ಮಷೀನು ಹೇಳಿದ್ದು, ಸಾಬ್ರ. ನಾ ಹೇಳಿದ್ದಲ್ಲ. ಹೋದ ವಾರ ನೀವ ಅಂದ್ರಲ್ಲ, ಮಷೀನು ಸುಳ್ಳು ಹೇಳಂಗಿಲ್ಲ ಅಂತ."

"ಹಾಂ? ಭಲೇ! ನಿಮ್ಮ ಬಾಳಿಗಿ ಜಹರ್ ಕುಡಸೂ ಪಾಪ ನನಗ್ಯಾಕ?" ಎಂದು ಸಾಹೇಬರು ಎದ್ದು ಹೋಗಿ ಮೋಟರ್ ಬಂದ್ ಮಾಡಿದರು.

ಫಾಲ್ಗುಣದ ಬಿಸಿಲಿಗೆ ಬಾಳೆ ಎಲೆಗಳು ಮೂರೇ ದಿನದಲ್ಲಿ ಕಿವಿ ಇಳಿಬಿಟ್ಟವು. ಅಜ್ಜಂದಿರ ಕಾಲದಿಂದ ಒಂದೇ ಕಾಲುವೆಯ ನೀರು ಹಂಚಿಕೊಂಡವರು ಎದುರಿಗೆ ಬಂದರೆ ಮುಖ ತಿರುಗಿಸತೊಡಗಿದರು. ಚಂದ್ರಶಾನಿಗೆ ಅಮೋಘಪ್ಪ ನನ್ನ ಕೈಯಲ್ಲಿ ಹೇಳಿ ಕಳಿಸಿದ, "ನಾಗಣ್ಣ, ನೀ ತಂದ ಹುಡುಗ ಇನ್ನ ನಾಲ್ಕು ಕಾಗದಾ ತಂದ್ರ ನಾನು ಊರು ಬಿಡಬೇಕಾಗ್ತದ. ಯುಗಾದಿಗಿ ಹತ್ತು ದಿನ ಉಳದಾವ, ನೆನಪು ಮಾಡು."

ಚಂದ್ರಶಾ ಈ ಸಲ ಯಾರಿಗೂ ಅನ್ಯಾಯ ಆಗಬಾರದು ಎಂದು ಗೊಬ್ಬರಕ್ಕೊಂದು, ನೀರಿಗೊಂದು, ಎರಡಕ್ಕೂ ಬೀಗ ಹಾಕಿದ. ಎರಡೂ ಪ್ಲಸ್ ಬಂದವು. ಕಾಗದ ಕಂಡು ಜಹಾಂಗೀರ್ ಸಾಹೇಬರು ಮೋಟರ್ ಚಾಲೂ ಮಾಡಿದರು, ಅಮೋಘಪ್ಪ ಅವರ ಮನೆಗೆ ಹೋಗಿ ಅಪ್ಪಿಕೊಂಡು ಬಂದ. ಕಾಗದ ಫ್ರೇಮು ಸೇರಿತು. ಗೋಡೆಗೆ ಏರಿಸುವ ಮೊದಲು ಮಲ್ಕಮ್ಮ ಗಾಜಿನೊಳಗಿಂದ ಮೂರನೇ ಸಾಲು ಓದಿದಳು.

"ಅಪ್ಪಾ, ಒಂದು ಗೊನಿ ಹದಿನಾಲ್ಕು ಕ್ವಿಂಟಲ್ ತನಕ ಬೆಳೀತದ ಅಂತ ಬರದದ."

ನಮ್ಮೂರಲ್ಲಿ ಗೊನೆ ಹದಿನಾರು ಕಿಲೋ, ಹದಿನೆಂಟು ಕಿಲೋ, ಬಹಳಾಯಿತೆಂದರೆ ಇಪ್ಪತ್ತೆಂಟು.

ಅಮೋಘಪ್ಪ ಫ್ರೇಮನ್ನು ಗೋಡೆಗೆ ಏರಿಸಿದ. "ಬೆಳೀಬಹುದು," ಎಂದ. "ಗೊಬ್ಬರದ ಬಲ ಅದ."

"ನೀರೂ ಬೇಕಲ್ಲ," ಎಂದರು ಜಹಾಂಗೀರ್ ಸಾಹೇಬರು, ಅಷ್ಟೇ ಗಂಭೀರವಾಗಿ.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಹದಿನಾಲ್ಕು ಕ್ವಿಂಟಲ್ ಗೊನೆಗೆ ಗಿಡ ಎಷ್ಟು ದಪ್ಪ ಇರಬೇಕು, ಗಿಡಕ್ಕೆ ಊರುಗೋಲು ಕೊಡಲು ರೈಲಿನ ಕಂಬಿ ಸಾಕೇ, ಒಂದು ಹಣ್ಣನ್ನು ಎಷ್ಟು ಮಂದಿ ಉಣ್ಣಬಹುದು, ಕಟ್ಟೆಯ ಮೇಲೆ ಇದೇ ಮಾತು. ಪಕ್ಕದ ಊರಿನವರು ಆ ಗಿಡ ನೋಡಬೇಕೆಂದು ಬಂದರು. ಅಮೋಘಪ್ಪ ಅವರಿಗೆ ಚಹಾ ಕುಡಿಸಿ, "ಇನ್ನೂ ಸಣ್ಣದದ," ಎಂದು ಕಳಿಸಿದ.

ಸೋಮವಾರ ಮೇಡಂ ರಜೆ ಮುಗಿಸಿ ಬಂದರು. ಮೇಜಿನ ಮೇಲಿದ್ದ ಮೂರು ಕಾಗದ, ಫ್ರೇಮು ಸೇರಿದ ನಾಲ್ಕನೆಯದರ ನಕಲು, ಎಲ್ಲವನ್ನೂ ನಿಂತಲ್ಲೇ ನೋಡಿದರು. ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ನೋಡಿದರು.

"ಚಂದ್ರಶಾ, ಗೊನಿ ಇಳಸಾಕ ಕ್ರೇನ್ ಶಹಾಬಾದಿನ ಸಿಮೆಂಟ್ ಕಾರ್ಖಾನಿಯಿಂದ ತರಸ್ತಿ ಏನು, ವಾಡಿ ಕಾರ್ಖಾನಿಯಿಂದ?"

ಚಂದ್ರಶಾ ಎಲ್ಲ ಹೇಳಿದ. ಹೇಳುತ್ತಾ ಕಣ್ಣಲ್ಲಿ ನೀರು ಬಂತು.

ಮೇಡಂ ಬೈಯಲಿಲ್ಲ. "ತುಂಬಿದ ಚೀಲ ಈ ಕಡೆ ಒತ್ತಿದ್ರ ಆ ಕಡೆ ಉಬ್ಬತದ. ನೀ ಎರಡೂ ಕಡೆ ಒತ್ತಿದಿ, ಮ್ಯಾಲ ಉಬ್ಬಿತು. ಗೊಬ್ಬರ ಮೈನಸ್ ಆಗಬಾರದು ಅನ್ನೂದು ಖರೇ ಮಾತು. ಬೀಗ ಹಾಕೂದೂ ತಪ್ಪಲ್ಲ, ನಾವೂ ಹಾಕ್ತೀವಿ. ಆದರ ಮೈನಸ್ ಬಾಗಲಿಗಿ ಬಂದಾಗ ಮದಲು ಕೇಳಬೇಕು, ನೀ ಯಾಕ ಬಂದಿ ಅಂತ. ನೀ ಮುಖದ ಮ್ಯಾಲ ಬಾಗಲಾ ಹಾಕಿದಿ. ಈ ಗೊನಿ ತೂಗಿದವರು ಯಾರು?"

"ನಾನ ಬರಕೊಂಡೀನ್ರಿ ಮೇಡಂ."

"ಬರದವರು ಯಾರು ಅಂತ ಕೇಳಲಿಲ್ಲ."

ಮೇಡಂ ಛತ್ರಿ ತೆಗೆದುಕೊಂಡರು.

ಕಮಲಾಪುರದಲ್ಲಿ ಅವರು ಪಡಸಾಲೆಗೆ ಹೋಗಲಿಲ್ಲ, ನೇರ ತೋಟಕ್ಕೆ ಹೋದರು. ಗೊಬ್ಬರ ಹೆಚ್ಚು ಹಾಕಿದ ಸಾಲುಗಳಲ್ಲಿ ಒಂದೊಂದೇ ಹೆಜ್ಜೆ ಇಟ್ಟು, ಗೊನೆ ಕಡಿದ ಬಾಳೆಯ ಬುಡಗಳನ್ನು ಎಣಿಸಿದರು. ಅವತ್ತೇ ಕಡಿದ ಹಸಿ ಬುಡಗಳನ್ನು ಬಿಟ್ಟು ಮೂವತ್ತೊಂದು. ಚಂದ್ರಶಾನ ಪುಸ್ತಕದಲ್ಲಿ ಆ ಸಾಲುಗಳ ಗೊನೆಗಳು ಇಪ್ಪತ್ತು.

"ಅಮೋಘಪ್ಪನವರ, ಹನ್ನೊಂದು ಗೊನಿ ಎಲ್ಲಿ ಹೋದವು?"

ಅಮೋಘಪ್ಪನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಉತ್ತರ ಕೊಟ್ಟವಳು ಮಾಳಮ್ಮ, ಸೆರಗು ಸರಿಮಾಡಿಕೊಂಡು.

"ಅವು ದೊಡ್ಡ ಗೊನಿ ಅಲ್ಲೇನ್ರಿ ಅಕ್ಕಾರ? ದೊಡ್ಡ ಗೊನಿ ಯಾರಾದ್ರೂ ತೂಗ್ತಾರೇನು? ತಕ್ಕಡಿಗಿ ಏರಸಿದ್ರ ಮಂದಿ ಕಣ್ಣು ಬಿದ್ದು ನದರ ಹತ್ತತದ, ಬುಡದಾಗಿನ ಮರಿ ಒಣಗ್ತದ. ಅವನ್ನ ಮದಲ ಕಡದು ಹಂಚಿಬಿಡ್ತೀವಿ. ಮಠಕ್ಕ ಎರಡು, ದರ್ಗಾಕ್ಕ ಎರಡು, ಬೀಗರ ಮನಿಗಿ, ಬಾಣಂತಿ ಇದ್ದ ಮನಿಗಿ..."

"ನಮ್ಮ ಮನಿಗೂ ಎರಡು ಬಂದಾವ," ಎಂದರು ಬೇಲಿಯಾಚೆ ನಿಂತಿದ್ದ ಜಹಾಂಗೀರ್ ಸಾಹೇಬರು. "ಬಹಳ ಮೀಠಾ."

ಮೇಡಂ ಚಂದ್ರಶಾನ ಕಡೆ ನೋಡಿದರು. "ಆವಾಗ ನೀ ಎಲ್ಲಿದ್ದಿ?"

ಅದಕ್ಕೂ ಮಾಳಮ್ಮನೇ ಹೇಳಿದಳು. "ಅಳಿಯ ಆಗಾಂವನ ಕೈಯಾಗ ತಕ್ಕಡಿ ಕೊಡ್ತಾರೇನ್ರಿ, ಕೂಲಿಯವರಂಗ? ಬೇವಿನ ನೆಳ್ಳಾಗ ಹೊರಸು ಹಾಕಿ, ಸುಸಲಾ ಮಿರ್ಚಿ ಕೊಡ್ತಿದ್ದೆ. ನಮ್ಮ ಆಳು ಕೂಗಿ ಹೇಳ್ತಿದ್ದ, ಇವರು ಉಣಕೋತ ಬರಕೋತಿದ್ರು."

ಮಂಡಕ್ಕಿ ಸುಸಲಾದ ಎಣ್ಣೆಯ ಕಲೆ ಆ ಪುಸ್ತಕದ ಪುಟಪುಟಕ್ಕೂ ಇತ್ತು. ನಾವು ಯಾರೂ ಅದನ್ನು ಓದಿರಲಿಲ್ಲ.

ಮೇಡಂ ನಕ್ಕುಬಿಟ್ಟರು. "ಮಷೀನು ಸುಳ್ಳು ಹೇಳಿಲ್ಲ. ಎಷ್ಟು ಗೊಬ್ಬರ ಹಾಕ್ತೀರೋ ಅಷ್ಟು ಸಣ್ಣ ಗೊನಿ ತಕ್ಕಡಿಗಿ ಬರ್ತಾವ. ದೊಡ್ಡವು ಊರಿನ ಹೊಟ್ಯಾಗ ಹೋಗ್ತಾವ. ಈಗ ಗಿಡದ ಮ್ಯಾಲ ಎಷ್ಟು ಬಲಿತಾವ?"

ದೊಡ್ಡವು ಏಳು ಗಿಡದ ಮೇಲಿದ್ದವು. ಅವತ್ತು ಬೆಳಿಗ್ಗೆ ಕಡಿದ ನಾಲ್ಕು, ಒಳಮನೆಯಲ್ಲಿ ಕೌದಿ ಹೊದ್ದು ಮಲಗಿದ್ದವು. ಆದರೆ ಅವನ್ನು ತಕ್ಕಡಿಗೆ ಇಡುತ್ತೇವೆ ಎಂದೊಡನೆ ಮಾಳಮ್ಮ ಒಳಮನೆಯ ಬಾಗಿಲಿಗೆ ಅಡ್ಡ ನಿಂತಳು. "ಮದಿವಿ ನಿಂತ್ರ ನಿಂದರ್ಲಿ. ಗೊನಿ ತೂಗಾಕ ಬಿಡಂಗಿಲ್ಲ."

ಯುಗಾದಿಗೆ ಆರು ದಿನ ಇತ್ತು. ಅಮೋಘಪ್ಪ ಹೆಂಡತಿಯನ್ನು ನೋಡಿದ, ಗೊಬ್ಬರದ ಸಾಲು ನೋಡಿದ. ಯಾವ ಕಡೆ ಮಾತಾಡಿದರೂ ಅವನಿಗೇ ನಷ್ಟ. ಆಗ ಅಡುಗೆ ಮನೆಯಿಂದ ಮಲ್ಕಮ್ಮ ಹೊರಗೆ ಬಂದಳು.

"ಅವ್ವಾ, ಗೊನಿ ತೂಗೂದು ಬ್ಯಾಡ. ಅವರನ್ನ ತೂಗ್ರಿ."

"ಯಾರನ್ನ?"

"ಅವರನ್ನ," ಎಂದು ಚಂದ್ರಶಾನ ಕಡೆ ಗೋಣು ಹಾಕಿದಳು. "ಗೊನಿ ಅವರ ಹೆಗಲ ಮ್ಯಾಲ ಇರ್ಲಿ. ಆಮ್ಯಾಲ ಗೊನಿ ಇಳಿಸಿ ಅವರನ್ನಷ್ಟ ತೂಗಿ, ಕಳೀರಿ. ನದರ ಹತ್ತಿದ್ರ ಅವರಿಗಿ ಹತ್ತತದ."

ಮಾಳಮ್ಮ ಯೋಚಿಸಿದಳು. ಅಳಿಯನಿಗೆ ಹತ್ತಿದ ನದರು ತೆಗೆಯಲು ಬರುತ್ತದೆ, ಬಾಳೆಗೆ ಹತ್ತಿದ್ದು ತೆಗೆಯಲು ಬರುವುದಿಲ್ಲ. ಒಪ್ಪಿದಳು. ಆಳು ಗಿಡದ ಮೇಲಿನ ಏಳೂ ಗೊನೆ ಕಡಿದು ತಂದ.

ಮೇಡಂ ನನ್ನ ಕಿವಿಯಲ್ಲಿ, "ನಾಗಣ್ಣ, ಹುಡುಗನ್ನ ಇಲ್ಲೇ ಬಿಟ್ಟು ಈ ಹುಡುಗಿನ್ನ ಕಚೇರಿಗಿ ಕರಕೊಂಡು ಹೋಗೂಣೇನು?" ಎಂದರು.

ತೊಗರಿ ಅಡತಿ ಅಂಗಡಿಯ ಚೀಲ ತೂಗುವ ದೊಡ್ಡ ಕಾಟಾ ಬಂಡಿಯಲ್ಲಿ ಬಂತು. ಬಂಡಿಯ ಹಿಂದೆ ಊರೂ ಬಂತು. ಮೊದಲು ಚಂದ್ರಶಾನನ್ನು ಬರಿದೇ ನಿಲ್ಲಿಸಿದರು. ಐವತ್ತೊಂದು ಕಿಲೋ.

"ಐವತ್ತೊಂದ?" ಎಂದ ಅಮೋಘಪ್ಪ. "ನಾಲ್ಕು ತಿಂಗಳು ನಮ್ಮ ಮನ್ಯಾಗ ಉಂಡು?"

"ಉಂಡಿದ್ದೂ ಮೈನಸ್ ಆಗ್ಯದ," ಎಂದರು ಜಹಾಂಗೀರ್ ಸಾಹೇಬರು.

ಆಮೇಲೆ ಹೆಗಲಿಗೆ ಗೊನೆ ಕೊಟ್ಟರು. ಎಪ್ಪತ್ತೇಳು. ಇಳಿಸಿದರು, ಇನ್ನೊಂದು ಕೊಟ್ಟರು. ಎಪ್ಪತ್ತೊಂಬತ್ತು. ಪ್ರತಿ ಸಲ ಅವನು ಇಳಿದಾಗ ಮಾಳಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟಿಗೆ ಊರೆಲ್ಲ ಕೆಮ್ಮಿತು, ಮೇಡಂ ಸೀನುತ್ತಲೇ ತೂಕ ಬರೆದುಕೊಂಡರು. ಎಂಟನೆಯ ಗೊನೆ ಹೊತ್ತಾಗ ಚಂದ್ರಶಾ ಒಂದು ಕಡೆ ವಾಲಿದ. ಹತ್ತು ಕೈ ಮುಂದೆ ಬಂದವು. ಅವನು ಗೊನೆ ಯಾರಿಗೂ ಕೊಡಲಿಲ್ಲ. ಹನ್ನೊಂದನೆಯದನ್ನು ಇಳಿಸಿದವನು, ಉಸಿರು ಹಿಡಿಯುತ್ತಾ ಅಮೋಘಪ್ಪನ ಎದುರಿಗೇ ಹೋಗಿ ನಿಂತ.

"ಮಾವ, ನನಗ ಕಂಪ್ಯೂಟರ್ ನಡಸಾಕ ಬರಂಗಿಲ್ಲ. ಹೊದಿಕಿ ಝಾಡಸ್ತೀನಿ. ನಿಮ್ಮ ಎದುರಿಗಿ ದೊಡ್ಡ ಮಾತು ಆಡಿಬಿಟ್ಟೆ. ನಾಳಿ ಮೇಡಂ ಏನು ತೆಗದು ಕೊಡ್ತಾರೋ ಅದ ಖರೇ. ಇನ್ನೊಂದು ಸಲ ಮೈನಸ್ ಬಂದ್ರ ನಾ ಅದನ್ನ ಮುಚ್ಚಿಡಂಗಿಲ್ಲ. ಮದಿವಿ ಮಾಡಿ ಕೊಡೂದು ಬಿಡೂದು ನಿಮ್ಮ ಕೈಯಾಗ ಅದ."

ಬಾಗಿಲ ಸಂದಿಯಲ್ಲಿ ಬಳೆ ಸದ್ದು ಮಾಡಿತು.

ಅಮೋಘಪ್ಪ ಅವನ ಹೆಗಲು ಮುಟ್ಟಿ ನೋಡಿದ. ಬಾಳೆಯ ಅಂಟು ಹತ್ತಿ, ಕೆಂಪಗೆ ತರಚಿತ್ತು.

"ಹನ್ನೊಂದು ಗೊನಿ ಹೊತ್ತು ಒಂದು ಕಾಯಿ ಉದರಸಲಿಲ್ಲ," ಎಂದ, ಎಲ್ಲರಿಗೂ ಕೇಳುವಂತೆ. "ಮಷೀನು ಏನಾರ ಅನ್ಲಿ. ಲಗ್ನ ವೈಶಾಖದಾಗ."

ಮೇಡಂ ಮರುದಿನ ಕಳೆದುಹೋಗಿದ್ದ ಗೊನೆಗಳ ಜಾಗಕ್ಕೆ ಈ ತೂಕಗಳನ್ನು ಸೇರಿಸಿ, ಯಾವ ಬೀಗವನ್ನೂ ಹಾಕದೆ ಲೆಕ್ಕ ತೆಗೆದರು. ಗೊಬ್ಬರ ಪ್ಲಸ್, ನೀರು ಪ್ಲಸ್, ತುದಿ ತೂಕ ಮೂವತ್ತೊಂದು ಕಿಲೋ. ನೀರಿನ ಬಲ ಗೊಬ್ಬರಕ್ಕಿಂತ ಒಂದು ಕೂದಲು ಹೆಚ್ಚಿತ್ತು. ಅಪ್ಪನಿಗೆ ಕಾಗದ ಓದುವಾಗ ಮಲ್ಕಮ್ಮ ಆ ಸಾಲು ಬಿಟ್ಟು ಓದಿದಳು. ಜಹಾಂಗೀರ್ ಸಾಹೇಬರಿಗೆ ಬೇರೆಯಾಗಿ ಓದಿ ಹೇಳಿದಳಂತೆ.

ಮದುವೆ ವೈಶಾಖದ ಒಂದು ಸೋಮವಾರ ಆಯಿತು. ಸೇಡಂ ರಸ್ತೆಯ ಹಿಂದಿನ ಓಣಿಯಲ್ಲಿ ಚಂದ್ರಶಾ ಒಂದು ಖೋಲಿ ಹಿಡಿದಿದ್ದ. ಹೆಣ್ಣು ಕಳಿಸಿಕೊಡಿ ಎಂದು ನಾನು ಕೇಳಿದೆ. ಮಂಗಳವಾರ ಹೆಣ್ಣುಮಕ್ಕಳನ್ನು ಹೊರಡಿಸಬಾರದು ಎಂದ ಅಮೋಘಪ್ಪ. ಬುಧವಾರ ಅಮಾವಾಸ್ಯೆ. ಗುರುವಾರ ಅವನಿಗೇ ಮೈ ಸರಿ ಇರಲಿಲ್ಲ. ಏನಾಗಿದೆ ಎಂದು ಹೇಳಲಿಲ್ಲ, ತೋಟದಲ್ಲಿ ಒಬ್ಬನೇ ಕೂತಿದ್ದ. ಶುಕ್ರವಾರ ಮನೆಯ ಲಕ್ಷ್ಮಿಯನ್ನು ಯಾರಾದರೂ ಕಳಿಸುತ್ತಾರೆಯೇ?

ಶನಿವಾರ ಬೆಳಿಗ್ಗೆ ಅಮೋಘಪ್ಪ ಬಾಯಿ ತೆರೆಯುವ ಮೊದಲೇ ಮಲ್ಕಮ್ಮ ಟ್ರಂಕು ತಂದು ಕಟ್ಟೆಯ ಮೇಲೆ ಇಟ್ಟಳು.

"ಅಪ್ಪಾ, ವಾರಕ್ಕ ಏಳ ದಿನ. ಎಂಟನೇದು ಯಾರ ಮನ್ಯಾಗಿಂದ ಇಸಗೊಂಡು ಬರ್ತಿ?"

ಅಮೋಘಪ್ಪ ಟ್ರಂಕು ತಾನೇ ಹೊತ್ತ. ಬಸ್ ನಿಲ್ದಾಣದವರೆಗೆ ಯಾರ ಕೈಗೂ ಕೊಡಲಿಲ್ಲ. ಎಂಟೂವರೆಯ ಬಸ್ಸಿಗೆ ಮಲ್ಕಮ್ಮ ಹೋದಳು, ಶನಿವಾರ.